ಮುಂದಿನವನಿಗೆ ಉಳಿಯುವ ಲೋಹ

ಯಕ್ಷಗಾನದ ಭಾಗವತಿಕೆಯಿಂದ ಹಿಡಿದು ಹೋಟೆಲಿನ ಗೋಳಿಬಜೆಯ ತನಕ ಉಡುಪಿಯಲ್ಲಿ ವಿಮರ್ಶೆಗೆ ಸಿಗದ ಕಸುಬು ಕಡಿಮೆ. ಗ್ಯಾರೇಜಿನ ಕೆಲಸಕ್ಕೆ ಮಾತ್ರ ಇರುವುದು ಎರಡೇ ಮಾತು: ಸರಿಯಾಯಿತು, ಸರಿಯಾಗಲಿಲ್ಲ. ಬೈಕಿನ ಎಂಜಿನ್ ಕೇಸಿನಲ್ಲಿ ಥ್ರೆಡ್ ಹೋದ ತೂತನ್ನು ರಿಪೇರಿ ಮಾಡುವ ಕೆಲಸಕ್ಕೆ ಈ ಎರಡು ಮಾತು ಸಾಲದು. ಆ ರಿಪೇರಿ ಹೇಗೆ ಮಾಡಿದರೂ ಅಂದಿನ ಮಟ್ಟಿಗೆ ಸರಿಯಾಗಿಯೇ ಆಗುತ್ತದೆ. ಎಪಾಕ್ಸಿ ತುಂಬಿದರೂ ಸರಿ, ದಪ್ಪ ಬೋಲ್ಟ್ ಕೂರಿಸಿದರೂ ಸರಿ, ಲೇತಿನಲ್ಲಿ ಬುಷ್ ಮಾಡಿಸಿ ಹಾಕಿದರೂ ಸರಿ, ಗಾಡಿ ಅಂಗಳ ದಾಟುವಾಗ ಆಯಿಲ್ ತೊಟ್ಟಿಕ್ಕುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಆ ಬೋಲ್ಟನ್ನು ಮತ್ತೆ ಬಿಚ್ಚುವ ದಿನ, ಹೆಚ್ಚಿನ ಸಲ ಬೇರೆ ಮಾಲೀಕನ ಕಾಲದಲ್ಲಿ, ಬೇರೆ ಮೆಕ್ಯಾನಿಕ್‌ನ ಕೈಯಲ್ಲಿ.

ಹಾಗಾಗಿ ನಾನು ಇಟ್ಟುಕೊಳ್ಳುವ ಅಳತೆಗೋಲು ಇದು: ಈ ರಿಪೇರಿ ಕೇಸಿನಿಂದ ಎಷ್ಟು ಲೋಹ ತಿಂದಿತು, ಮುಂದಿನ ರಿಪೇರಿಗೆ ಎಷ್ಟು ಬಿಟ್ಟಿತು? 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ಶಿಲ್ಪಿಗಳು ಇದೇ ಲೆಕ್ಕದಲ್ಲಿ ಉಳಿ ಹಿಡಿದಿರಬೇಕು. ಕೆತ್ತಿ ತೆಗೆದ ಚೂರು ಮತ್ತೆ ಕಲ್ಲಿಗೆ ಅಂಟುವುದಿಲ್ಲ. ಅಲ್ಯೂಮಿನಿಯಂ ಕೇಸಿಗೆ ಬೆಸುಗೆ ಎಂಬ ಎರಡನೇ ಅವಕಾಶ ಉಂಟು ನಿಜ. ಅದರ ಯೋಗ್ಯತೆ ಎಷ್ಟು ಎಂಬುದನ್ನು ಮುಂದೆ ನೋಡೋಣ.

ಮೊದಲು ಥ್ರೆಡ್ ಯಾಕೆ ಹೋಗುತ್ತದೆ ಎಂಬುದು. ಬೈಕಿನ ಕ್ರ್ಯಾಂಕ್ ಕೇಸು, ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಎಲ್ಲ ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ. ಬೋಲ್ಟ್ ಉಕ್ಕಿನದು. ಮಿತಿ ಮೀರಿ ಬಿಗಿದರೆ ಇಬ್ಬರಲ್ಲಿ ಸೋಲುವುದು ಹೆಚ್ಚಾಗಿ ಕೇಸೇ. ಕವರಿನ ಬೋಲ್ಟುಗಳು ಸಾಮಾನ್ಯವಾಗಿ 6 ಮಿ.ಮೀ. ದಪ್ಪದವು, ಥ್ರೆಡ್ಡಿನ ಅಂತರ 1 ಮಿ.ಮೀ., ಬೇಕಾದ ಬಿಗಿ ಸುಮಾರು 10 ನ್ಯೂಟನ್ ಮೀಟರ್. ಅದು ಎಷ್ಟು ಕಡಿಮೆ ಎಂದರೆ, ಟಿ ಸ್ಪ್ಯಾನರಿನ ಹಿಡಿಯನ್ನು ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಎರಡೂ ಕೈಯಿಂದ ಹಿಡಿದಾಗ ಒಂದೊಂದು ಕೈಯೂ 5 ಕಿಲೋ ತೂಕದಷ್ಟು ಒತ್ತಿದರೆ ಸಾಕು. ದಿನವಿಡೀ ಚೈನ್ ಸ್ಪ್ರಾಕೆಟ್, ಆಕ್ಸಲ್ ನಟ್ ಬಿಚ್ಚಿ ಕಟ್ಟುವ ಕೈಗೆ ಈ ಬಲ ಬಲವೆಂದೇ ಅನಿಸುವುದಿಲ್ಲ. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿನಲ್ಲಿ "ಇನ್ನೊಂದು ಚೂರು" ಎಂಬ ಕೊನೆಯ ತಿರುವು ಬೀಳುವುದು ಹೀಗೆ.

ಆಯಿಲ್ ಡ್ರೇನ್ ಬೋಲ್ಟಿನದು ಬೇರೆ ಕತೆ. ನಮ್ಮ ಸಣ್ಣ ಬೈಕುಗಳಲ್ಲಿ ಅದು ಹೆಚ್ಚಾಗಿ 12 ಮಿ.ಮೀ. ದಪ್ಪದ, 17 ನಂಬರ್ ತಲೆಯ ಬೋಲ್ಟ್. ಬಿಗಿ 25 ನ್ಯೂಟನ್ ಮೀಟರ್ ಆಸುಪಾಸು. ಅದರಡಿ ಒಂದು ಮೆತ್ತನೆಯ ವಾಷರ್ ಇರುತ್ತದೆ, ತಾಮ್ರದ್ದೋ ಅಲ್ಯೂಮಿನಿಯಂನದೋ. ಆಯಿಲ್ ತಡೆಯುವುದು ಆ ವಾಷರ್, ಥ್ರೆಡ್ ಅಲ್ಲ. ಪ್ರತಿ ಸಲ ಆಯಿಲ್ ಬದಲಿಸುವಾಗ ವಾಷರನ್ನೂ ಬದಲಿಸಬೇಕು. ಹತ್ತಿಪ್ಪತ್ತು ರೂಪಾಯಿಯ ಆ ಚೂರನ್ನು ಉಳಿಸಿ, ಚಪ್ಪಟೆಯಾದ ಹಳೆಯ ವಾಷರನ್ನೇ ಹಾಕಿ, ಜಿನುಗು ನಿಲ್ಲಲಿಲ್ಲವೆಂದು ಇನ್ನಷ್ಟು ಬಿಗಿಯುವುದು ನಮ್ಮ ಕಡೆಯ ಡ್ರೇನ್ ತೂತುಗಳ ಸಾವಿಗೆ ದೊಡ್ಡ ಕಾರಣ ಎಂಬುದು ನನ್ನ ಅಂದಾಜು.

ಕೈಯ ತಪ್ಪಿನ ಜತೆಗೆ ಇಲ್ಲಿ ಸಮುದ್ರವೂ ಸೇರಿಕೊಳ್ಳುತ್ತದೆ. ಉಕ್ಕು ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ಉಪ್ಪುನೀರಿನ ಪಸೆ ಇದ್ದರೆ ಅದೊಂದು ಪುಟ್ಟ ಬ್ಯಾಟರಿ, ಕರಗುವುದು ಅಲ್ಯೂಮಿನಿಯಂ. ಕರಗಿದ್ದು ಬಿಳಿ ಪುಡಿಯಾಗಿ ಉಬ್ಬಿ ಥ್ರೆಡ್ಡಿನ ಸಂದಿಯಲ್ಲಿ ಗಟ್ಟಿ ಕೂರುತ್ತದೆ. ಕ್ಲಚ್ ಪ್ಲೇಟ್ ಸವೆಯುವ ತನಕ ಕ್ಲಚ್ ಕವರನ್ನು ಯಾರೂ ಮುಟ್ಟುವುದಿಲ್ಲ, ಅಂದರೆ ಎಷ್ಟೋ ಮಳೆಗಾಲ. ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ ಸುರಿಯುವ ಊರು ಇದು. ಅಷ್ಟೂ ಕಾಲ ಕಾಪುವಿನ ಕಡಲ ಬದಿಯಲ್ಲೋ ಮಲ್ಪೆಯ ದಕ್ಕೆಯಲ್ಲೋ ನಿಂತ ಬೈಕಿನ ಬೋಲ್ಟನ್ನು ತಿರುಗಿಸಿದಾಗ ಅದರ ಜತೆಗೆ ಕೇಸಿನ ಥ್ರೆಡ್ಡೂ ಸುರುಳಿಸುರುಳಿಯಾಗಿ ಸುತ್ತಿಕೊಂಡು ಹೊರಬರುತ್ತದೆ. ಇದರಲ್ಲಿ ಮೆಕ್ಯಾನಿಕ್‌ನ ತಪ್ಪೇನೂ ಇಲ್ಲ, ಆದರೆ ಬೈಗುಳ ಅವನಿಗೇ. (ಕಾಪುವಿನ ದೀಪಸ್ತಂಭ 1901ರಿಂದ ಇದೇ ಗಾಳಿಗೆ ಮೈಯೊಡ್ಡಿ ನಿಂತಿದೆ. ಅದನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ಯುವ ಯೋಚನೆ ಯಾರಿಗೂ ಬರಲಿಲ್ಲ, ಪುಣ್ಯ.)

ಇನ್ನು ರಿಪೇರಿಯ ದಾರಿಗಳು. ಎಪಾಕ್ಸಿ, ಎಂ-ಸೀಲ್, ಥ್ರೆಡ್ಡಿಗೆ ಸುತ್ತುವ ಬಿಳಿ ಟೇಪು, ತಾಮ್ರದ ತಂತಿ ಇವುಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಎಂಜಿನ್ನಿನ ಬಿಸಿಗೆ ಸಾಮಾನ್ಯ ಎಪಾಕ್ಸಿ ಮೆತ್ತಗಾಗುತ್ತದೆ. ಟೇಪು, ತಂತಿ ಬೋಲ್ಟನ್ನು ನಿಲ್ಲಿಸುತ್ತವೆ, ಬಿಗಿಯುವುದಿಲ್ಲ. ಇವುಗಳಿಗಿಂತ ಕೆಟ್ಟದ್ದು, ಥ್ರೆಡ್ ಹೋದದ್ದನ್ನು ಹೇಳದೆಯೇ ಕವರಿನ ಅಂಚಿಗೆ ಅನಾಬಾಂಡ್ ಅಂಟು ಧಾರಾಳ ಹಚ್ಚಿ, ಬೋಲ್ಟನ್ನು ಸುಮ್ಮನೆ ತೂತಿನಲ್ಲಿ ನಿಲ್ಲಿಸಿ ಕಳಿಸುವುದು. ಹತ್ತು ಬೋಲ್ಟಿನಲ್ಲಿ ಒಂದು ಸುಳ್ಳು ಬೋಲ್ಟ್. ಅದರ ಪಾಲಿನ ಭಾರ ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ, ಜಿನುಗು ತಡೆಯಲು ಅವನ್ನು ಅತಿಯಾಗಿ ಬಿಗಿದಾಗ ಅವುಗಳ ಸರದಿ ಬರುತ್ತದೆ.

ಇದಕ್ಕೆ ಎದುರು ತುದಿಯಲ್ಲಿ, ಯಾರೂ ಹೊಗಳದ ಒಂದು ರಿಪೇರಿ ಉಂಟು: ಸ್ವಲ್ಪ ಉದ್ದದ ಬೋಲ್ಟ್. ಎಷ್ಟೋ ತೂತುಗಳು ಮೂಲ ಬೋಲ್ಟಿಗಿಂತ ಆಳವಾಗಿರುತ್ತವೆ. ಬಾಯಿಯ ಹತ್ತಿರದ ಥ್ರೆಡ್ ಕಿತ್ತುಹೋಗಿದ್ದರೂ ಬುಡದಲ್ಲಿ ನಾಲ್ಕೈದು ಸುತ್ತು ಯಾರೂ ಮುಟ್ಟದೆ ಉಳಿದಿರಬಹುದು. ತೆಳು ತಂತಿ ಇಳಿಸಿ ಆಳ ಅಳೆದು, ಟ್ಯಾಪ್ ಒಮ್ಮೆ ಕೈಯಲ್ಲೇ ತಿರುಗಿಸಿ ಕಸ ತೆಗೆದು, 5 ಮಿ.ಮೀ. ಹೆಚ್ಚು ಉದ್ದದ ಬೋಲ್ಟ್ ಹಾಕಿದರೆ ಕೇಸಿನಿಂದ ಒಂದು ಚೂರು ಲೋಹವನ್ನೂ ತೆಗೆಯದೆ ಕೆಲಸ ಮುಗಿಯುತ್ತದೆ. ಅಳತೆ ತಪ್ಪಬಾರದು, ಅಷ್ಟೆ. ಬುಡ ಮುಚ್ಚಿದ ತೂತಿನಲ್ಲಿ ಬೋಲ್ಟ್ ತಳಕ್ಕೆ ತಾಗಿದ ಮೇಲೂ ಬಿಗಿದರೆ ಕೇಸು ಸೀಳುತ್ತದೆ. ತೂತಿನಲ್ಲಿ ಆಯಿಲ್ ನಿಂತಿದ್ದರೂ ಅದೇ ಗತಿ. ನನ್ನ ಅಳತೆಗೋಲಿನಲ್ಲಿ ಇದಕ್ಕೆ ಮೊದಲ ಸ್ಥಾನ. ಆದರೂ ಇದನ್ನು ಯಾರೂ ಮೊದಲಿಗೆ ಮಾಡಿ ನೋಡುವುದಿಲ್ಲ, ಯಾಕೆಂದರೆ ಇದಕ್ಕೆ ಮಜೂರಿ ಕೇಳುವುದು ಕಷ್ಟ.

ಮೊದಲಿಗೆ ಮಾಡುವುದು ಓವರ್‌ಸೈಜ್. 6 ಹೋಯಿತೇ, 8 ಹಾಕು. 6.8 ಮಿ.ಮೀ. ಡ್ರಿಲ್, 8ರ ಟ್ಯಾಪ್, ಹತ್ತು ನಿಮಿಷದ ಕೆಲಸ. ಗಿರಾಕಿಗೂ ದಪ್ಪ ಬೋಲ್ಟ್ ನೋಡಿದರೆ ಧೈರ್ಯ. ಆದರೆ 6ರ ಬೋಲ್ಟಿಗೆಂದು ಎರಕ ಹೊಯ್ದ ಗುಬುಟಿನ ಹೊರ ದಪ್ಪ ಸಾಮಾನ್ಯವಾಗಿ 12–13 ಮಿ.ಮೀ. ಮಾತ್ರ. ಅದರಲ್ಲಿ 8ರ ಥ್ರೆಡ್ ಕೊರೆದರೆ ಸುತ್ತ ಉಳಿಯುವ ಗೋಡೆ ಎರಡೂವರೆ ಮಿ.ಮೀ.ಗೂ ಒಳಗೆ. ಕವರಿನ ತೂತನ್ನೂ ದೊಡ್ಡದು ಮಾಡಬೇಕು. ದೊಡ್ಡ ತಲೆ ಕವರಿನ ಹಳ್ಳದಲ್ಲಿ ಕೂರದಿದ್ದರೆ ಅದನ್ನೂ ಅರೆಯಬೇಕು. ಗ್ಯಾಸ್ಕೆಟ್ ಕೂರುವ ಅಂಚು ಸಪೂರವಾಗುತ್ತದೆ. ಇನ್ನೊಮ್ಮೆ ಥ್ರೆಡ್ ಹೋದರೆ ಮುಂದೆ ಹೋಗಲು ಜಾಗವಿಲ್ಲ. ಒಂದು ತೂತಿಗಾಗಿ ಕೇಸು, ಕವರ್ ಎರಡರಲ್ಲೂ ಹಿಂದೆ ಬರಲಾಗದ ಬದಲಾವಣೆ. ಡ್ರೇನ್ ಬೋಲ್ಟಿನಲ್ಲಿ 12ರಿಂದ 14ಕ್ಕೆ ಹೋಗುವುದನ್ನು ಬೇಕಾದರೆ ಕ್ಷಮಿಸಬಹುದು, ಅಲ್ಲಿ ಲೋಹ ದಪ್ಪ, ಕವರಿನ ಗೋಳಿಲ್ಲ. ಕವರಿನ ಬೋಲ್ಟಿನಲ್ಲಿ ಇದು ರಿಪೇರಿಯ ವೇಷದ ಹಾನಿ.

ಹೆಲಿಕಾಯಿಲ್ ಇಲ್ಲಿ ಗೆಲ್ಲುವುದು ಸರಳ ಲೆಕ್ಕದಿಂದ. ಸ್ಟೇನ್‌ಲೆಸ್ ಉಕ್ಕಿನ ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿದ ಚಿಕ್ಕ ಸುರುಳಿ ಅದು. ತಂತಿಯ ಅಡ್ಡ ಕೊಯ್ತ ವಜ್ರಾಕಾರ, ಹಾಗಾಗಿ ಹೊರಗಿನ ಮೊನೆ ಕೇಸಿನ ಥ್ರೆಡ್ಡಿನಲ್ಲಿ ಕೂರುತ್ತದೆ, ಒಳಗಿನ ಮೊನೆ ಬೋಲ್ಟಿಗೆ ಥ್ರೆಡ್ ಆಗುತ್ತದೆ. 6ರ ಬೋಲ್ಟಿಗೆ ತೂತನ್ನು 6.3ಕ್ಕೆ ಡ್ರಿಲ್ ಮಾಡಿ ಅದರದೇ ವಿಶೇಷ ಟ್ಯಾಪ್ ಹಾಕಬೇಕು. ಆಗ ಕೇಸಿನಲ್ಲಿ ಕೊರೆಯುವ ಥ್ರೆಡ್ಡಿನ ಹೊರ ಅಳತೆ ಸುಮಾರು 7.3 ಮಿ.ಮೀ. ಅಂದರೆ 8ರ ಓವರ್‌ಸೈಜಿಗಿಂತ ಇದು ತಿನ್ನುವ ಲೋಹ ಕಡಿಮೆ, ಮತ್ತೆ ಬೋಲ್ಟ್ 6ರದ್ದೇ ಉಳಿಯುತ್ತದೆ, ಕವರನ್ನು ಮುಟ್ಟಬೇಕಿಲ್ಲ. ಅಲ್ಯೂಮಿನಿಯಂ ಹಿಡಿಯುವ ಸುತ್ತಳತೆ ಹೆಚ್ಚುವುದರಿಂದ ಹಿಡಿತ ಮೂಲಕ್ಕಿಂತ ಬಲ. ಸಾಮಾನ್ಯ ಥ್ರೆಡ್ಡಿನಲ್ಲಿ ಮೊದಲ ಸುತ್ತೇ ಭಾರದ ಮೂರನೇ ಒಂದು ಭಾಗದಷ್ಟನ್ನು ಹೊರುತ್ತದೆ; ಸುರುಳಿ ಸ್ವಲ್ಪ ಬಾಗುವುದರಿಂದ ಆ ಭಾರ ಕೆಳಗಿನ ಸುತ್ತುಗಳಿಗೂ ಹಂಚಿಹೋಗುತ್ತದೆ. ವಿಮಾನದ ಎಂಜಿನ್ನುಗಳಲ್ಲಿ ಹಾಳಾಗುವ ಮೊದಲೇ, ಹೊಸ ಎರಕಕ್ಕೇ ಈ ಸುರುಳಿ ಕೂರಿಸುವುದು ಇದಕ್ಕಾಗಿಯೇ.

ಇಷ್ಟು ಹೊಗಳಿದ ಮೇಲೆ ಆಕ್ಷೇಪಗಳು. ಈ ಕೆಲಸದ ಗುಣ ಇರುವುದು ಸುರುಳಿಯಲ್ಲಿ ಅಲ್ಲ, ಡ್ರಿಲ್ಲಿನ ನೇರದಲ್ಲಿ. ಕೈಡ್ರಿಲ್ ಹಿಡಿದು ಬಗ್ಗಿಕೊಂಡು ಕೊರೆದ ತೂತು ಎರಡು ಡಿಗ್ರಿ ವಾಲಿದರೂ ಬೋಲ್ಟಿನ ತಲೆ ಒಂದು ಬದಿ ಮಾತ್ರ ತಾಗಿ ಕೂರುತ್ತದೆ. ಆನ್‌ಲೈನಿನಲ್ಲಿ ಬರುವ ಅಗ್ಗದ ಕಿಟ್ಟುಗಳ ಟ್ಯಾಪು ಕತ್ತರಿಸುವ ಬದಲು ಹರಿಯುತ್ತದೆ. ಸುರುಳಿಯನ್ನು ಬಾಯಿಯ ಮಟ್ಟಕ್ಕಿಂತ ಕಾಲು ಅಥವಾ ಅರ್ಧ ಸುತ್ತು ಕೆಳಗೆ ಇಳಿಸಬೇಕು. ಮಟ್ಟಸವಾಗಿ ಬಿಟ್ಟರೆ ಬೋಲ್ಟ್ ಬಿಚ್ಚುವ ದಿನ ಅದೂ ಜತೆಗೆ ಎದ್ದು ಬರುತ್ತದೆ. ಕೂರಿಸಿದ ಮೇಲೆ ತುದಿಯ ಕೊಂಡಿಯನ್ನು ಮುರಿಯಬೇಕು, ಮುರಿದ ಚೂರು ಎಲ್ಲಿ ಬಿತ್ತೆಂದು ನೋಡಬೇಕು. ಡ್ರಿಲ್ಲಿನ ಅಲ್ಯೂಮಿನಿಯಂ ಪುಡಿಯಂತೂ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಟ್ಯಾಪಿಗೆ ದಪ್ಪ ಗ್ರೀಸ್ ಬಳಿದು, ಕಾಲು ಸುತ್ತಿಗೊಮ್ಮೆ ಹೊರತೆಗೆದು ಒರೆಸುವ ತಾಳ್ಮೆ ಇರುವವನಿಗೆ ಮಾತ್ರ ಈ ಕೆಲಸ ಕೊಡಬೇಕು.

ನಮ್ಮ ಕರಾವಳಿಗೆ ಇನ್ನೊಂದು ತಕರಾರು ಸೇರುತ್ತದೆ. ಸ್ಟೇನ್‌ಲೆಸ್ ಸುರುಳಿ ತಾನು ತುಕ್ಕು ಹಿಡಿಯುವುದಿಲ್ಲ, ಆದರೆ ಉಪ್ಪಿನ ಪಸೆ ಇದ್ದಲ್ಲಿ ಸುತ್ತಲಿನ ಅಲ್ಯೂಮಿನಿಯಂನ ಸವಕಳಿಯನ್ನು ಅದೂ ಪ್ರಚೋದಿಸುತ್ತದೆ. ಬೆಂಗಳೂರಿನಲ್ಲಿ ಒಣದಾಗಿ ಕೂರಿಸಿದರೂ ನಡೆದೀತು. ಕಾಪು, ಮಲ್ಪೆಯಲ್ಲಿ ಸುರುಳಿಯ ಹೊರಮೈಗೆ ಥ್ರೆಡ್ ಲಾಕ್ ಹಚ್ಚಿ ಸಂದಿ ಮುಚ್ಚಬೇಕು, ಬೋಲ್ಟಿಗೆ ಕಚ್ಚಿಕೊಳ್ಳದ ಪೇಸ್ಟು ಸವರಬೇಕು. ಪೇಸ್ಟು ಇದ್ದಾಗ ಅದೇ ಬಲಕ್ಕೆ ಬೋಲ್ಟ್ ಇನ್ನಷ್ಟು ಬಿಗಿಯುತ್ತದೆ, ಹಾಗಾಗಿ ಕೈ ಸ್ವಲ್ಪ ಹಗುರ ಮಾಡಬೇಕು. ಇದನ್ನು ಹೇಳುವವರು ಅಪರೂಪ.

ಬುಷ್ ನಮ್ಮ ಊರಿನ ಕಸುಬು. ಮೀನುಗಾರಿಕೆಯ ದೋಣಿಗಳ ಡೀಸೆಲ್ ಎಂಜಿನ್ ಇರುವಲ್ಲಿ ಲೇತ್ ಇದ್ದೇ ಇರುತ್ತದೆ, ಲೇತ್ ಇರುವಲ್ಲಿ ಹೊರಗೂ ಒಳಗೂ ಥ್ರೆಡ್ ಇರುವ ಒಂದು ಉಂಗುರ ಮಾಡಿಕೊಡುವುದು ದೊಡ್ಡ ವಿಷಯವಲ್ಲ. ಕಿಟ್ ಬರುವ ತನಕ ಕಾಯಬೇಕಿಲ್ಲ, ಯಾವ ಅಳತೆ ಬೇಕೋ ಆ ಅಳತೆ. ಪದೇಪದೇ ಬಿಚ್ಚುವ ಡ್ರೇನ್ ತೂತಿಗೆ ಸುರುಳಿಗಿಂತ ಗಟ್ಟಿ ಬುಷ್ಷೇ ಮೇಲು, ಅದು ಬೋಲ್ಟಿನ ಜತೆ ಬಿಚ್ಚಿಕೊಂಡು ಬರುವ ಸಾಧ್ಯತೆ ಕಡಿಮೆ. ಆದರೆ 6ರ ಬೋಲ್ಟಿಗೆ ಬುಷ್ ಮಾಡಿದರೆ ಹೊರ ಅಳತೆ ಹೆಚ್ಚಾಗಿ 10ಕ್ಕೆ ಹೋಗುತ್ತದೆ. 12–13ರ ಗುಬುಟಿನಲ್ಲಿ ಅದು ಓವರ್‌ಸೈಜಿಗಿಂತಲೂ ದುಬಾರಿ. ಲೇತಿನವರ ಕೈಚಳಕ ನೋಡಿ ಮನಸೋತು ಕವರಿನ ತೂತಿಗೂ ಬುಷ್ ಹಾಕಿಸುವವರು ಇದನ್ನು ಲೆಕ್ಕ ಹಾಕುವುದಿಲ್ಲ.

ಬುಷ್ ಯಾವ ಲೋಹದ್ದು ಎಂಬುದರಲ್ಲೇ ನಿಜವಾದ ತೊಡಕು. ಉಕ್ಕಿನದಾದರೆ ಗಟ್ಟಿ, ಆದರೆ ಎಂಜಿನ್ ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದು ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು, ಹಾಗಾಗಿ ಬರೀ ಒತ್ತಿ ಕೂರಿಸಿದ ಉಕ್ಕಿನ ಬುಷ್ ಬಿಸಿಯಲ್ಲಿ ಸಡಿಲವಾಗುತ್ತದೆ. ಹಿತ್ತಾಳೆ ಹಿಗ್ಗುವುದರಲ್ಲಿ ಅಲ್ಯೂಮಿನಿಯಂಗೆ ಹತ್ತಿರ, ಲೇತಿನಲ್ಲಿ ಬೆಣ್ಣೆಯಷ್ಟು ಸಲೀಸು, ಅದಕ್ಕೇ ಕೆಲಸಗಾರರಿಗೆ ಅದು ಇಷ್ಟ. ಆದರೆ ಉಪ್ಪಿನ ಗಾಳಿಯಲ್ಲಿ ಅದರೊಳಗಿನ ತಾಮ್ರ ಅಲ್ಯೂಮಿನಿಯಂಗೆ ಕಡು ವೈರಿ. ಅಲ್ಯೂಮಿನಿಯಂ ಬುಷ್ ಹಾಕಿದರೆ ಎರಡೂ ಜಗಳ ಇಲ್ಲ, ಆದರೆ ಮೊದಲು ಸೋತ ಲೋಹಕ್ಕೇ ಮತ್ತೆ ಜವಾಬ್ದಾರಿ. ಡ್ರೇನ್ ತೂತಿನಲ್ಲಿ ಒಳಗೆ ಯಾವಾಗಲೂ ಆಯಿಲ್, ಉಪ್ಪು ತಲುಪುವುದು ಹೊರಬಾಯಿಗೆ ಮಾತ್ರ. ಅಲ್ಲಿ ಹೊರಗೂ ಥ್ರೆಡ್ ಇರುವ ಉಕ್ಕಿನ ಬುಷ್, ಥ್ರೆಡ್ ಲಾಕ್ ಹಚ್ಚಿ, ಸಾಧ್ಯವಾದರೆ ಒಳಬದಿಯಲ್ಲಿ ಅಂಚು ಬಿಟ್ಟು ಕೂರಿಸಿದ್ದು, ನನ್ನ ಮಟ್ಟಿಗೆ ಉತ್ತಮ ಕೆಲಸ. ಅಂಚು ಒಳಗಿದ್ದರೆ ಬೋಲ್ಟ್ ಎಷ್ಟು ಎಳೆದರೂ ಬುಷ್ ಹೊರಗೆ ಬರಲಾರದು. ಅದಕ್ಕಾಗಿ ಎಂಜಿನ್ ಬಿಚ್ಚಬೇಕೆಂದಾದರೆ ಮಾತ್ರ ಅಂಚಿನ ಆಸೆ ಬಿಡಬೇಕು.

ಆರ್ಗಾನ್ ವೆಲ್ಡಿಂಗ್ ಬಗ್ಗೆ ಜನರಿಗೆ ಇರುವ ಭಕ್ತಿ ನನಗಿಲ್ಲ. ಎಂಜಿನ್ ಕೇಸು ವರ್ಷಗಟ್ಟಲೆ ಆಯಿಲ್ ಕುಡಿದ ಎರಕ. ಬೆಸೆಯುವಾಗ ಒಳಗಿನ ಎಣ್ಣೆ, ಗಾಳಿ ಗುಳ್ಳೆಯಾಗಿ ಏಳುತ್ತದೆ, ತುಂಬಿದ ಲೋಹ ಜಾಳುಜಾಳಾಗುತ್ತದೆ. ಬಿಸಿಗೆ ಗ್ಯಾಸ್ಕೆಟ್ಟಿನ ಮುಖ ಸೊಟ್ಟಗಾದರೆ ಒಂದು ತೂತಿನ ರಿಪೇರಿ ಹತ್ತು ತೂತಿನ ಜಿನುಗಾಗುತ್ತದೆ. ಗುಬುಟೇ ಒಡೆದು ಬಿದ್ದಿದ್ದರೆ, ಹಿಂದಿನವರು ಕೊರೆದು ಕೊರೆದು ಗೋಡೆಯೇ ಉಳಿದಿಲ್ಲವಾದರೆ ಬೇರೆ ದಾರಿ ಇಲ್ಲ. ಆಗ ಎಂಜಿನ್ ಪೂರ್ತಿ ಬಿಚ್ಚಿ, ತೊಳೆದು, ಬಿಸಿ ಮಾಡಿ ಎಣ್ಣೆ ಹೊರಡಿಸಿ ಬೆಸೆಯಬೇಕು. ಬೈಕಿನ ಮೇಲಿರುವಂತೆಯೇ ಬೆಸೆದುಕೊಡುತ್ತೇವೆ ಎನ್ನುವವರಿಂದ ದೂರ ಇರುವುದು ಒಳ್ಳೆಯದು.

"ಕೇಸೇ ಬದಲಿಸಿಬಿಡಿ" ಎಂಬ ಸಲಹೆಯಲ್ಲಿ ಅರ್ಧ ಮಾತ್ರ ವಿವೇಕ. ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಬದಲಿಸಬಹುದು. ಆದರೆ ಥ್ರೆಡ್ ಇರುವುದು ಹೆಚ್ಚಾಗಿ ಕವರಿನಲ್ಲಿ ಅಲ್ಲ, ಅದರ ಹಿಂದಿನ ಕ್ರ್ಯಾಂಕ್ ಕೇಸಿನಲ್ಲಿ, ಮತ್ತು ಎಂಜಿನ್ ನಂಬರ್ ಕೊರೆದಿರುವುದು ಅದರ ಮೇಲೆಯೇ. ಅದನ್ನು ಬದಲಿಸಿದರೆ ಆರ್‌ಸಿಯಲ್ಲಿರುವ ನಂಬರಿಗೂ ಗಾಡಿಗೂ ಹೊಂದುವುದಿಲ್ಲ. ಮಣಿಪಾಲದ ಆರ್‌ಟಿಒಗೆ ನಡೆಯಬೇಕು. ಒಂದು 6ರ ತೂತಿಗಾಗಿ ಬೈಕಿನ ಗುರುತೇ ಬದಲಾಗುತ್ತದೆ.

ಮಣಿಪಾಲ ಎಂದಾಗ ಅಲ್ಲಿಯ ಸೆಕೆಂಡ್‌ಹ್ಯಾಂಡ್ ಬೈಕುಗಳ ನೆನಪಾಗುತ್ತದೆ. ಎಂಜಿನಿಯರಿಂಗ್ ಕೋರ್ಸು ನಾಲ್ಕು ವರ್ಷ. ಬೈಕೂ ಹೆಚ್ಚಾಗಿ ನಾಲ್ಕು ವರ್ಷಕ್ಕೊಬ್ಬ ಮಾಲೀಕನಂತೆ ಕೈ ದಾಟುತ್ತದೆ. ಪ್ರತಿಯೊಬ್ಬನೂ ತಾನು ಇರುವಷ್ಟು ದಿನ ಆಯಿಲ್ ಜಿನುಗದಿದ್ದರೆ ಸಾಕೆಂದುಕೊಳ್ಳುತ್ತಾನೆ. ಮೆಕ್ಯಾನಿಕ್ ಅದೇ ಲೆಕ್ಕದಲ್ಲಿ ಕೆಲಸ ಮಾಡಿಕೊಡುತ್ತಾನೆ. ಮೂರು ಕೈ ದಾಟುವ ಹೊತ್ತಿಗೆ 6, 8 ಆಗಿ, 8 ಬುಷ್ ಆಗಿ, ಬುಷ್ ವೆಲ್ಡಿಂಗ್ ಆಗಿರುತ್ತದೆ. ಅದೇ ಕಾಪು ಕಡೆಯ ಮನೆಯೊಂದರಲ್ಲಿ ತಂದೆಯಿಂದ ಮಗನಿಗೆ ಬರುವ ಸ್ಪ್ಲೆಂಡರಿಗೆ ಮುಂದಿನ ಮಾಲೀಕ ಯಾರೆಂಬುದು ಗೊತ್ತಿರುತ್ತದೆ, ಅಲ್ಲಿ ರಿಪೇರಿಗೆ ಕಾಯುವ ಸಹನೆಯೂ ಸ್ವಲ್ಪ ಹೆಚ್ಚು.

ಹಳೆಯ ಬೈಕುಗಳ ಗೀಳು ಹೆಚ್ಚಿದ ಮೇಲೆ ಈ ಲೆಕ್ಕ ಇನ್ನೂ ಬಿಗಿಯಾಗಿದೆ. 1985ರಲ್ಲಿ ಬಂದು 1996ರಲ್ಲಿ ನಿಂತ ಆರ್‌ಎಕ್ಸ್ 100ರ ಕೇಸುಗಳಿಗೆ ಬೆಲೆ ಏರುತ್ತಲೇ ಇದೆ. ಅದರ ಕವರಿನ ಸ್ಕ್ರೂಗಳ ತಲೆಯಲ್ಲಿರುವುದು ಜಪಾನೀ ಅಳತೆಯ ಪ್ಲಸ್ ಗುರುತು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆ ಸವೆಸುತ್ತದೆ, ಆಮೇಲೆ ಉಳಿಯಿಂದ ಬಡಿದು ಬಿಚ್ಚುವಾಗ ಥ್ರೆಡ್ಡಿನ ಕತೆ ಮುಗಿಯುತ್ತದೆ. ಇಂಪ್ಯಾಕ್ಟ್ ಡ್ರೈವರಿನ ಒಂದು ಸರಿಯಾದ ಏಟು ಇಷ್ಟನ್ನೂ ತಪ್ಪಿಸುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯೂ 1996ರಲ್ಲೇ ಮುಚ್ಚಿತು. ಆ ಕಾಲದ ಯೆಜ್ದಿಗಳ ಕೇಸುಗಳನ್ನು ಮತ್ತೆ ಅಲ್ಲಿ ಯಾರೂ ಎರಕ ಹೊಯ್ಯುವುದಿಲ್ಲ. ಇರುವಷ್ಟೇ ಲೋಹ.

ಇವೆಲ್ಲದಕ್ಕಿಂತ ಸೂಕ್ಷ್ಮ ಹಳೆಯ ಬುಲೆಟ್. ಅದರಲ್ಲಿ ಬ್ರಿಟಿಷ್ ಥ್ರೆಡ್ಡುಗಳಿವೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಪದ್ಧತಿಯಲ್ಲಿ ಥ್ರೆಡ್ಡಿನ ಕೋನ 55 ಡಿಗ್ರಿ, ಇಂದಿನ ಮೆಟ್ರಿಕ್‌ನಲ್ಲಿ 60. ಕಾಲು ಇಂಚಿನ ವಿಟ್‌ವರ್ತ್ ಬೋಲ್ಟ್ 6.35 ಮಿ.ಮೀ. ದಪ್ಪ, ಥ್ರೆಡ್ಡಿನ ಅಂತರ 1.27 ಮಿ.ಮೀ. ಆ ತೂತಿಗೆ ಅಂಗಡಿಯಲ್ಲಿ ಸಿಗುವ 6ರ ಬೋಲ್ಟ್ ಹಾಕಿದರೆ ಒಂದೆರಡು ಸುತ್ತು ಹಿಡಿದ ಹಾಗೆ ಅನಿಸುತ್ತದೆ, ಬಿಗಿದಾಗ ಹಳೆಯ ಥ್ರೆಡ್ಡಿನ ತುದಿಗಳನ್ನೆಲ್ಲ ಬೋಳಿಸಿಬಿಡುತ್ತದೆ. ಅಂಥ ತೂತಿಗೆ ಮೆಟ್ರಿಕ್ ಹೆಲಿಕಾಯಿಲ್ ಹಾಕುವುದು ಸರಿಯೇ ತಪ್ಪೇ? ಅಲ್ಲಿಯೂ ಅದೇ ಅಳತೆಗೋಲು ಹಿಡಿಯುತ್ತೇನೆ. ಕಾಲು ಇಂಚಿನ ವಿಟ್‌ವರ್ತ್ ಸುರುಳಿಗಳು ತಯಾರಾಗುತ್ತವೆ; ತರಿಸಲು ಸಮಯ ಹಿಡಿಯುತ್ತದೆ. ಕಾಯಬೇಕು. ಒಂದು ತೂತು ಮೆಟ್ರಿಕ್, ಪಕ್ಕದ್ದು ವಿಟ್‌ವರ್ತ್ ಆದ ಕೇಸಿನಲ್ಲಿ ಮುಂದಿನ ಮೆಕ್ಯಾನಿಕ್ ಬೋಲ್ಟುಗಳನ್ನು ಅದಲು ಬದಲು ಹಾಕದೆ ಇರಲಾರ.

ಅಂಥ ಬದಲಾವಣೆ ಮಾಡಲೇಬೇಕಾಗಿ ಬಂದರೆ, ಮಾಡಿದ್ದನ್ನು ಬರೆದಾದರೂ ಇಡಬೇಕು. ಗ್ಯಾರೇಜಿನ ಬಿಲ್ಲಿನಲ್ಲಿ ಈಗ ಕಾಣುವುದು "ಥ್ರೆಡ್ ಕೆಲಸ" ಎಂಬ ಎರಡು ಪದ ಮತ್ತು ಒಂದು ಮೊತ್ತ. ಅದರ ಬದಲು ಯಾವ ಕವರಿನ ಎಷ್ಟನೆಯ ತೂತು, ಸುರುಳಿಯೋ ಬುಷ್ಷೋ, ಬುಷ್ ಆದರೆ ಯಾವ ಲೋಹ, ಹೊರ ಅಳತೆ ಎಷ್ಟು, ಬೋಲ್ಟಿನ ಉದ್ದ ಎಷ್ಟು ಎಂದು ಒಂದು ಸಾಲು ಬರೆದುಕೊಟ್ಟರೆ, ಗಿರಾಕಿ ಅದನ್ನು ಆರ್‌ಸಿಯ ಜತೆ ಇಟ್ಟುಕೊಂಡರೆ, ಮುಂದೆ ಕವರ್ ಬಿಚ್ಚುವವನು ಡ್ರಿಲ್ ಕೈಗೆತ್ತಿಕೊಳ್ಳುವ ಮೊದಲು ಅದನ್ನು ಓದಬಹುದು.